ಒಳಗೆ ಬಿಟ್ಟ ಎರಡು ಬೆರಳು ಅರಿವೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ನೆಟ್ಟಗೆ ಬರುವ ವಿದ್ಯೆ ಅದೊಂದೇ. ಹುಬ್ಬಳ್ಳಿಗೆ ಹೊರಟ ಬಸ್ಸು ಗದಗ ಮುಟ್ಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಅರಿವಳಿಕೆ ಕೊಟ್ಟ ಮೇಲೆ ಎಚ್ಚರವೇ ಆಗದೆ ಹೋಗಬಹುದಿತ್ತು. ಹೊಟ್ಟೆಯಿಂದ ತೆಗೆದು ಎದೆಗೆ ಕೂಡಿಸಿದ ಭಾಗಕ್ಕೆ ರಕ್ತ ಹರಿಯದೆ ಅದು ಕಪ್ಪಾಗಬಹುದಿತ್ತು. ಹೊಟ್ಟೆಯ ಹೊಲಿಗೆ ಸಡಿಲಾಗಿ ಹರ್ನಿಯಾ ಆಗಬಹುದಿತ್ತು. ಎಡಗೈ ಬಾತು ಬಳೆ ಏರದಂತಾಗಬಹುದಿತ್ತು. ಬೇನೆ ತಿರುಗಿ ಬರಬಹುದಿತ್ತು. ಗಿರಾಕಿಗಳು ಬೇರೆ ಟೇಲರನ್ನು ಹುಡುಕಿಕೊಳ್ಳಬಹುದಿತ್ತು. ಡಾಕ್ಟರಿಗೇ ಆವತ್ತು ನೆಗಡಿಯಾಗಿ, ಹೊಲಿಯುವ ಹೊತ್ತಿಗೆ ಸರಿಯಾಗಿ ಸೀನು ಬರಬಹುದಿತ್ತು. ಇಂಥ ನಲವತ್ತೊಂದನ್ನು ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿದ್ದೆ. ಅವುಗಳಲ್ಲಿ ಒಂದೂ ಆಗಲಿಲ್ಲ. ಬರೆಯದೆ ಬಿಟ್ಟ ಒಂದು ಸಣ್ಣದು ಆಯಿತು, ಅದೂ ನನಗೆ.

ಇವೆಲ್ಲ ಆಗಬಹುದಾಗಿದ್ದದ್ದು ನಮ್ಮ ಟೇಲರ್ ಅಕ್ಕನಿಗೆ. ಗಂಗಾವತಿಯ ನಮ್ಮ ಓಣಿಯಲ್ಲಿ ಮೂವತ್ತೈದು ವರ್ಷಕ್ಕೂ ಮೇಲೆ ಹೆಂಗಸರ ಕುಪ್ಪಸ ಹೊಲಿದವರು, ಹೋದ ತಿಂಗಳು ಅಂಗಡಿ ಮುಚ್ಚಿದರು. ಕಾರಣ ಬೇನೆಯಲ್ಲ. "ಸೂಜಿಗೆ ದಾರಾ ಏರಸಾಕ ಇನ್ನೊಬ್ಬರನ್ನ ಕರೀಬೇಕಾತು ಅಂದ್ರ ಅಲ್ಲಿಗೆ ಮುಗೀತು" ಎಂದರು, ಅಷ್ಟೇ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ, "ಬರಿ. ಹೆಸರ ಮಾತ್ರ ಬರೀಬ್ಯಾಡ. ಅಂಗಡಿ ಮುಚ್ಚಿದ ಮ್ಯಾಲೆ ಮಂದಿ ಅರಿವಿ ಹಿಡಕೊಂಡು ಹುಡಿಕ್ಕೊಂಡು ಬಂದ್ರ ಏನ ಮಾಡ್ಲಿ?" ಎಂದರು. ಆದ್ದರಿಂದ ಹೆಸರಿಲ್ಲ.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ನಾನು ಕುಷ್ಟಗಿ ಕಡೆಯ ಒಣ ಸೀಮೆಯಿಂದ ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಕಾಲುವೆಯಲ್ಲಿ ಅಷ್ಟು ನೀರು ಕಂಡವಳೇ, ಇದು ಒಡೆದರೆ ಯಾರ ಮಾಳಿಗೆ ಏರಬೇಕು ಎಂದು ಮೊದಲ ವಾರವೇ ನೋಡಿಟ್ಟುಕೊಂಡೆ. ಎರಡನೆಯ ವಾರ ಅಕ್ಕನ ಅಂಗಡಿಗೆ ಹೋದೆ. ಅಕ್ಕನಿಗೆ ನನ್ನನ್ನು ಬಾಗಿಲಲ್ಲಿ ನೋಡಿದಾಗಲೇ ಅಳತೆ ಗೊತ್ತಾಗಿತ್ತು, ಟೇಪು ಹಿಡಿದದ್ದು ಬರೀ ಮರ್ಯಾದೆಗೆ. ಎದೆಯ ಸುತ್ತ ಟೇಪು ತಂದವರು ಹಾಗೇ ನಿಂತರು.

"ಟೀಚರ್ರ, ಉಸರ ಬಿಡ್ರಿ."

"ಬಿಟ್ಟೀನ್ರಿ."

"ಇಲ್ಲ, ಹಿಡಕೊಂಡೀರಿ. ಉಸರ ಹಿಡದು ಅಳತಿ ಕೊಟ್ರ, ಬಿಟ್ಟ ದಿನ ಕುಬಸಾ ಹರೀತೈತಿ."

ಅಲ್ಲಿಯತನಕ ಇಪ್ಪತ್ತೈದು ವರ್ಷ ನಾನು ಉಸಿರು ಹಿಡಿದುಕೊಂಡೇ ಇದ್ದೆ ಎಂಬುದು ನನಗೆ ಆವತ್ತು ತಿಳಿಯಿತು. ಈಗಲೂ ಹಿಡಿದುಕೊಂಡಿದ್ದೇನೆ, ನಡುನಡುವೆ ಅಕ್ಕ ನೆನಪಿಸುತ್ತಾರೆ.

ಅಕ್ಕನ ಹೊಲಿಗೆಗೆ ಒಂದು ನೇಮವಿತ್ತು. ಬಗಲ ಹೊಲಿಗೆಯ ಒಳಗೆ, ಎರಡೂ ಕಡೆ, ಎರಡು ಬೆರಳಿನಷ್ಟು ಅರಿವೆ ಹೆಚ್ಚಿಗೆ ಬಿಡುವುದು. ಅಂದವಾಗಿ ಕಾಣಲೆಂದು ಅದನ್ನು ಕತ್ತರಿಸಿ ಒಗೆಯುವ ಟೇಲರುಗಳು ಊರಲ್ಲಿ ಬೇಕಾದಷ್ಟಿದ್ದರು. ಅಕ್ಕ ಒಗೆಯುತ್ತಿರಲಿಲ್ಲ. "ಹೆಣ್ಮಕ್ಕಳ ಮೈ ಅಂದ್ರ ನಮ್ಮ ಕಾಲುವಿ ನೀರು. ಏರತೈತಿ, ಇಳೀತೈತಿ. ಒಳಗ ಎರಡ ಬೆರಳು ಬಿಟ್ಟಿದ್ರ ಹೊಲಿಗಿ ಉಚ್ಚಿ ಮತ್ತ ಹೊಲೀಬಹುದು. ಕತ್ತರಿ ಹಾಕಿ ಒಗದ್ರ ಏನ ಮಾಡ್ತಿ, ತಿರುಗಿ ನೇಯ್ತೀಯೇನು?" ಮದುವೆಯ ಕುಪ್ಪಸವನ್ನು ಬಾಣಂತನಕ್ಕೂ, ಬಾಣಂತನದ ಕುಪ್ಪಸವನ್ನು ಮಗಳ ಮದುವೆಗೂ ಹಾಕಿಕೊಂಡ ಹೆಂಗಸರು ನಮ್ಮ ಓಣಿಯಲ್ಲಿದ್ದಾರೆ. ಗಿರಾಕಿಗಳ ಹೆಸರನ್ನು ಅಕ್ಕ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಊರು ಮತ್ತು ಅಂಚಿನ ಬಣ್ಣ ಸಾಕು: "ಸಿದ್ದಾಪುರ, ಕೆಂಪಂಚು." ಶಾಲೆಯವಳಾದ ನಾನು "ಸಾಲಿ, ಹಸರು."

ಅಕ್ಕನಿಗೆ ನಲವತ್ತೆಂಟಾದಾಗ ಎದೆಯ ಎಡಗಡೆ ಗಂಟು ಕಂಡಿತು. ಕಂಡದ್ದೂ ಕೆಲಸದಲ್ಲೇ. ತನ್ನದೇ ಹೊಸ ಕುಪ್ಪಸ ಹಾಕಿಕೊಂಡು ನೋಡಿದಾಗ ಎಡಗಡೆ ಸುಕ್ಕು ಬಿದ್ದಿತ್ತು. "ನನ್ನ ಹೊಲಿಗಿ ಸುಕ್ಕ ಬೀಳಾಂಗಿಲ್ಲ. ಅಂದ್ರ ಒಳಗ ಏನೋ ಐತಿ" ಎಂದು ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದರು. ನಾನಾಗಿದ್ದರೆ ಅಷ್ಟರಲ್ಲಿ ಉಯಿಲು ಬರೆದಿರುತ್ತಿದ್ದೆ.

ಆ ಕಾಲಕ್ಕೆ ನಾನು "ಟೀಚರ್ರ" ಹೋಗಿ "ತಂಗಿ" ಆಗಿದ್ದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಅಕ್ಕ, ಅವರ ಯಜಮಾನರು, ನಾನು ಮೂವರೂ ಹೋದೆವು. ಯಜಮಾನರು ರೈಸ್ ಮಿಲ್ಲಿನಲ್ಲಿ ತೂಕ ಹಾಕುವವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಅಂಕಿ. ಗಂಟು ಕ್ಯಾನ್ಸರಿನದು, ಎಡ ಮೊಲೆಯನ್ನು ಪೂರ್ತಿ ತೆಗೆಯಬೇಕು ಎಂಬುದು ತೀರ್ಮಾನವಾಗಿತ್ತು. ಅಕ್ಕ ಮೊಲೆಯನ್ನು ಮೊಲೆ ಎಂದೇ ಕರೆಯುತ್ತಿದ್ದರು. "ಅದು", "ಅಲ್ಲಿ" ಎಂದು ತಡವರಿಸುತ್ತಿದ್ದವಳು ವಿಜ್ಞಾನ ಕಲಿಸುವ ನಾನು. ತೆಗೆದ ಮೇಲೆ ಮತ್ತೆ ಕಟ್ಟಿಕೊಡಬಹುದು ಎಂದು ತಿಳಿಸಲು ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬಂದರು. ಧಾರವಾಡ ಕಡೆಯ ಹರೆಯದ ಹೆಣ್ಣುಮಗಳು. ಹಾಳೆಯ ಮೇಲೆ ಒಂದು ಮೈ ಬರೆದು ತೋರಿಸತೊಡಗಿದರು.

"ನೋಡ್ರಿ ಅಮ್ಮಾ, ಒಂದು, ಸಿಲಿಕಾನಿನ ಚೀಲ ಒಳಗಿಡೋದು."

"ಬಾಳಿಕಿ ಎಷ್ಟ ವರ್ಷರಿ?"

"ಹತ್ತು, ಹದಿನೈದು. ಆಮ್ಯಾಲೆ ಬದಲಿ ಮಾಡಬೇಕಾಗಬಹುದು. ನಿಮಗ ಕರೆಂಟ್, ಅಂದ್ರ ರೇಡಿಯೇಷನ್, ಕೊಡೋದಿರತೈತಿ, ಅದರಿಂದ ಸುತ್ತ ಗಟ್ಟಿ ಆಗೋದೂ ಉಂಟು."

"ಜಿಪ್ ಇದ್ದಂಗ. ಎರಡನೇದು?"

"ಬೆನ್ನಿನ ಸ್ನಾಯು ತಿರುವಿ ಮುಂದ ತರೋದು."

"ಬೆನ್ನು ಬ್ಯಾಡ. ದಿನಾ ಹತ್ತ ತಾಸು ಬಗ್ಗಿ ಕುಂದರೋ ಬೆನ್ನು, ಅದು ಅನ್ನಾ ಹಾಕೈತಿ. ಮುಂದ?"

"ಹೊಟ್ಟಿಯ ಕೆಳಗಿನ ಚರ್ಮ, ಕೊಬ್ಬು ತಗದು ಮ್ಯಾಲೆ ಕೂಡಸೋದು. ದೊಡ್ಡ ಆಪರೇಷನ್. ಏಳೆಂಟು ತಾಸು."

"ಅದು ನಂದ ಅರಿವಿ" ಎಂದರು ಅಕ್ಕ, ಹೊಟ್ಟೆಯ ಮೇಲೆ ಕೈಯಿಟ್ಟು. ಆಮೇಲೆ ಡಾಕ್ಟರ ಪೆನ್ನು ಇಸಕೊಂಡು ಅವರ ಚಿತ್ರದ ಮೇಲೇ ಒಂದು ಗೆರೆ ಎಳೆದರು. "ನೀವು ಹಿಂಗ ಕತ್ತರಿ ಹಾಕಿದ್ರ ಬಗಲಾಗ ಎಳೀತೈತಿ. ಹಿಂಗ ಬಂದ್ರ?"

ಡಾಕ್ಟರು ಚಿತ್ರ ನೋಡಿದರು, ಅಕ್ಕನನ್ನು ನೋಡಿದರು. "ನಾವು ಹಂಗ ಹಾಕೋದ್ರಿ. ನನ್ನ ಚಿತ್ರಾ ಸರಿ ಇಲ್ಲ."

"ಏನೂ ಮಾಡಿಸದಿದ್ರ?"

"ಅದೂ ಒಂದು ದಾರೀನ. ಭಾಳ ಮಂದಿ ಹಂಗ ಇರ್ತಾರ, ಆರಾಮ ಇರ್ತಾರ."

ಆಗ ಅಕ್ಕ ಕೇಳಿದ್ದು ತನ್ನ ಅಂಗಡಿಯ ಪ್ರಶ್ನೆ. "ಒಂದು ಹೇಳ್ರಿ. ಇದರಾಗ ಯಾವುದನ್ನ ಮಾಡಿದ್ರ ಒಳಗ ಎರಡ ಬೆರಳು ಅರಿವಿ ಉಳೀತೈತಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಅಕ್ಕನ ನೇಮ ವಿವರಿಸಿದೆ. ಅವರು ಹೇಳಿದರು: ಹೊಟ್ಟೆಯದು ಸಿಗುವುದು ಒಂದೇ ಸಲ, ಬಳಸಿದರೆ ಮುಗಿಯಿತು, ಆದರೆ ಈಗಲೇ ಆಗಬೇಕೆಂದಿಲ್ಲ. ಮೊದಲು ಬೇನೆ ತೆಗೆದು, ಕಿಮೋ, ಕರೆಂಟು ಎಲ್ಲ ಮುಗಿಸಿ, ವರ್ಷ ಎರಡು ವರ್ಷ ಬಿಟ್ಟು ಬಂದರೂ ನಡೆಯುತ್ತದೆ.

"ಹಂಗಾದ್ರ ಈಗ ಕತ್ತರಿ ಬ್ಯಾಡ. ಅರಿವಿ ಮಡಿಚಿ ಇಡ್ತೀನಿ" ಎಂದು ಅಕ್ಕ ಎದ್ದರು. ಯಜಮಾನರ ಕಡೆ ತಿರುಗಿ, "ನೀವೇನಂತೀರಿ?" ಎಂದರು.

"ಅಳತಿ ನಿಂದು" ಎಂದರು ಅವರು. ಆವತ್ತಿನ ಹತ್ತು ಮಾತುಗಳಲ್ಲಿ ಎರಡನ್ನು ಅವರು ಖರ್ಚು ಮಾಡಿದ್ದು ಇದಕ್ಕೆ.

ಮೊಲೆ ತೆಗೆಯುವ ಆಪರೇಷನ್ನಷ್ಟೇ ಆಯಿತು. ಎಡಗೈ ಮೇಲೇಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಬೇಕು ಎಂದು ಆಸ್ಪತ್ರೆಯವರು ಹೇಳಿಕಳಿಸಿದ್ದರು. ಅಕ್ಕ ಅಂಗಡಿಯ ಗೋಡೆಗೆ ಇಂಚಿನ ಟೇಪನ್ನೇ ಮೊಳೆ ಹೊಡೆದು ನಿಲ್ಲಿಸಿ, ದಿನಾ ಬೆರಳು ಹತ್ತಿದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. "ಇವತ್ತ ಅರ್ಧ ಇಂಚು." ಮರುದಿನ, "ಕಾಲು ಇಂಚು, ಆದ್ರ ನೋವಿಲ್ಲ." ಮಷಿನ್ನು ತುಳಿಯದ ಆ ತಿಂಗಳುಗಳಲ್ಲಿ ಯಜಮಾನರು ಪ್ರತಿ ರವಿವಾರ ಬಂದು ಅದಕ್ಕೆ ಎಣ್ಣೆ ಬಿಟ್ಟು, ಚಕ್ರ ನಾಲ್ಕು ಸುತ್ತು ತಿರುವಿ ಹೋಗುತ್ತಿದ್ದರು. ತುಕ್ಕು ಹಿಡಿಯಬಾರದಲ್ಲ. ತುಕ್ಕಿನ ಚಿಂತೆ ನನಗೂ ಇತ್ತು. ಎಣ್ಣೆ ತರುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಎಡಗಡೆ ಖಾಲಿ ಉಳಿದದ್ದಕ್ಕೆ ಅಕ್ಕ ತಾವೇ ಕುಪ್ಪಸದೊಳಗೆ ಇಡುವ ಒಂದು ಪುಟ್ಟ ಗಾದಿ ಹೊಲಿಯಲು ಕುಳಿತರು. ಹತ್ತಿ ತುಂಬಿದರು, ಹಗುರಾಗಿ ಮೇಲೇರಿತು. ಸಾಸಿವೆ ತುಂಬಿದರು, ನಡೆದರೆ ಸದ್ದು. ಕೊನೆಗೆ ಯಜಮಾನರ ಮಿಲ್ಲಿನಿಂದ ಸಣ್ಣ ನುಚ್ಚು ಬಂತು. "ಎಷ್ಟ ತುಂಬಬೇಕು ಅಂತ ತಿಳೀವಲ್ದು" ಎಂದು ಒಂದು ಮಧ್ಯಾಹ್ನ ನನ್ನನ್ನು ಕರೆದರು. ಹೋದರೆ, ಮೇಜಿನ ಮೇಲೆ ಕಿರಾಣಿ ಅಂಗಡಿಯಿಂದ ತಂದ ತೂಕದ ಕಾಟಾ, ಮುಳ್ಳು ತಿರುಗುವ ಜಾತಿಯದು. ಬಾಗಿಲ ಚಿಲಕ ಹಾಕಿದರು. ಕುಪ್ಪಸ ಬಿಚ್ಚಿ, ಬಗ್ಗಿ, ಬಲಗಡೆಯದನ್ನು ಕಾಟಾದ ತಟ್ಟೆಯ ಮೇಲಿಟ್ಟರು.

"ಮುಳ್ಳ ನೋಡು. ನನ್ನ ನೋಡಬ್ಯಾಡ."

"ಅಕ್ಕಾ, ಮುಳ್ಳು ನಿಂದರವಲ್ದು."

"ನೀ ನಗೂದ ನಿಂದರಸು, ಅದೂ ನಿಂದರತೈತಿ."

ತೂಕ ಎಷ್ಟೆಂದು ಬರೆಯುವುದಿಲ್ಲ. ಅದು ನಾವಿಬ್ಬರು ಮತ್ತು ಕಾಟಾ ಬಲ್ಲ ಸಂಗತಿ. ಅಷ್ಟೇ ನುಚ್ಚು ತುಂಬಿ, ಬೆವರಿಗೆ ಎರಡು ಪದರ ಅಸ್ತರಿ ಕೊಟ್ಟು, ಕುಪ್ಪಸದ ಒಳಗೆ ಎಡಕ್ಕೆ ಒಂದು ಜೇಬು ಹೊಲಿದು ಕೂಡಿಸಿದರು. ಅಕ್ಕಿಗೆ ನುಸಿ ಹತ್ತಿದರೆ ಏನು ಗತಿ ಎಂದು ನಾನು ಕೇಳಿದೆ. "ಬೇವಿನ ಎಲಿ ಹಾಕೀನಿ. ಎರಡ ತಿಂಗಳಿಗೊಮ್ಮೆ ಹೊಸಾ ಅಕ್ಕಿ. ಹಳೇದು ಗುಬ್ಬಿಗೆ" ಎಂದರು. ಹಿತ್ತಲ ಗುಬ್ಬಿಗಳು ಆ ವರ್ಷ ದುಂಡಗಾದವು.

ಈ ಜೇಬಿನ ಸುದ್ದಿ ಹೇಗೆ ಹಬ್ಬಿತೋ ಕಾಣೆ, ಸಿದ್ದಾಪುರದಿಂದ ಒಬ್ಬಾಕೆ, ಯಲಬುರ್ಗಾದಿಂದ ಒಬ್ಬಾಕೆ, ಹೀಗೆ ಬರತೊಡಗಿದರು. ಸೆರಗು ಬಿಗಿಯಾಗಿ ಹೊದ್ದು, ಬೇರೆ ಗಿರಾಕಿಗಳು ಹೋಗುವತನಕ ಬಾಗಿಲಲ್ಲೇ ನಿಲ್ಲುವವರು. ಅಕ್ಕ ಏನೂ ಕೇಳುತ್ತಿರಲಿಲ್ಲ. "ಎಡಕ್ಕೋ ಬಲಕ್ಕೋ?" ಎಂಬುದೊಂದೇ ಪ್ರಶ್ನೆ. ಪುಸ್ತಕದಲ್ಲಿ ಊರಿನ ಪಕ್ಕ ಒಂದು ಚುಕ್ಕಿ. ಅಳತೆಗೆ ನಿಂತು ಅತ್ತವರಿಗೂ ಹೇಳುತ್ತಿದ್ದದ್ದು ಅದೇ ಮಾತು: "ಉಸರ ಬಿಡವ್ವಾ."

ಎರಡು ವರ್ಷ ಕಳೆದ ಮೇಲೆ, ದೀಪಾವಳಿಯ ಹೊಲಿಗೆ ಮುಗಿಸಿ, ಅಕ್ಕ ಒಂದು ದಿನ ನನಗೆ ಹೇಳಿದರು. "ಮಡಿಚಿಟ್ಟ ಅರಿವಿ ಬಿಚ್ಚಬೇಕಂತ ಮಾಡೀನಿ. ಹೊಟ್ಟೀದು."

ಬದುಕಿ ಉಳಿದದ್ದೇ ದೊಡ್ಡದು, ಈಗ ಎಲ್ಲ ಸರಿಯಿರುವಾಗ ಮತ್ತೆ ಏಳೆಂಟು ತಾಸು ಮೇಜಿನ ಮೇಲೆ ಮಲಗುವುದು ಯಾಕೆ ಎಂದೆ. ನನಗಿಂತ ಗಟ್ಟಿಯಾಗಿ ಹೇಳಿದವರು ಅಕ್ಕನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಮರಳಿ ಎಂಬ ಊರಿನಿಂದ ಅದಕ್ಕೆಂದೇ ಬಸ್ಸು ಹತ್ತಿ ಬಂದಿದ್ದರು.

"ಮಕ್ಕಳ ಮದವಿ ಆತು, ಮೊಮ್ಮಗಾ ಆದಾ. ಐವತ್ತರಾಗ ಅದ್ಯಾಕ ಬೇಕವ್ವಾ ನಿನಗ? ಮಂದಿ ಏನಂದಾರು?"

"ನಿನಗ ಆ ಬಂಗಾರದ ಹಲ್ಲ ಯಾಕ ಬೇಕಾಗಿತ್ತು?"

ನೆಗೆಣ್ಣಿ ತಟ್ಟನೆ ಬಾಯಿ ಮುಚ್ಚಿಕೊಂಡರು. "ಹಲ್ಲ ಇಲ್ಲಂದ್ರ ರೊಟ್ಟಿ ತಿನ್ನಾಕ ಬರೂದಿಲ್ಲ."

"ಸಾದಾ ಹಲ್ಲ ಕಟ್ಟಿಸಿದ್ರೂ ರೊಟ್ಟಿ ಮುರೀತೈತಿ. ನಿನಗ ಬಂಗಾರದ್ದು ಬೇಕನಿಸಿತು, ಹಾಕಿಸ್ಕೊಂಡಿ. ನಾ ಏನರ ಅಂದ್ನೇನು?" ಆಮೇಲೆ ಅಕ್ಕ ಕತ್ತರಿ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಕೇಳ್ರಿ ಇಬ್ರೂ. ಮೂವತ್ತ ವರ್ಷ ಊರ ಹೆಣ್ಮಕ್ಕಳ ಅಳತಿ ನಾ ತಗೊಂಡೀನಿ. ಈಗ ನನ್ನ ಅಳತಿ ತಗೊಳ್ಳಾಕ ಊರ ಬರೂದು ಬ್ಯಾಡ. ಎರಡ ವರ್ಷ ಕಾಯ್ದೆ, ಬೇಕು ಅನಸೂದು ಹೋಗತೈತೇನೋ ಅಂತ. ಹೋಗಲಿಲ್ಲ. ಹೋಗಿದ್ರ ಬಿಡತಿದ್ದೆ. ಸಿದ್ದಾಪುರದಾಕಿ ಬ್ಯಾಡ ಅಂದ್ಲು, ಆರಾಮ ಅದಾಳ, ಆಕಿ ಅಳತಿ ಆಕಿದು. ನನಗ ದಿನಾ ಮುಂಜಾನೆದ್ದು ಅಕ್ಕಿ ಕಟಗೊಳ್ಳೂದು ಬ್ಯಾಸರ ಆಗೈತಿ."

ಅಕ್ಕ ನನ್ನತ್ತ ತಿರುಗಿದರು. "ನಿನಗ ಅಂಜಿಕಿ ಆಗತೈತಿ, ಹೌದಿಲ್ಲೋ? ಒಂದ ಕೆಲಸಾ ಮಾಡು. ಏನೇನ ಅಂಜಿಕಿ ಐತಿ ಎಲ್ಲಾ ಬರಿ. ಒಂದೂ ಬಿಡಬ್ಯಾಡ. ನೀ ಅಂಜಿದಿ ಅಂದ್ರ ನನಗ ಅಂಜೋ ಕೆಲಸಾ ಉಳಿಯೂದಿಲ್ಲ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಈ ಕೆಲಸ ಒಪ್ಪಿಸಿರಲಿಲ್ಲ. ನನ್ನ ಅಂಜಿಕೆಗೆ ಮನೆಯಲ್ಲಿ ಬೈದಿದ್ದರು, ಶಾಲೆಯಲ್ಲಿ ನಕ್ಕಿದ್ದರು. ಮೂರು ದಿನ ಕುಳಿತು ನಲವತ್ತೊಂದು ಬರೆದೆ. ಹುಬ್ಬಳ್ಳಿಯಲ್ಲಿ ಅದೇ ಡಾಕ್ಟರ ಮುಂದೆ ಅಕ್ಕ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಓದು, ತಂಗಿ." ಓದಿದೆ. ನಂಬರು ಒಂದರಿಂದ. ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟರು: ಇದು ನೂರರಲ್ಲಿ ಒಬ್ಬಿಬ್ಬರಿಗೆ ಆಗುವುದು, ಆದರೆ ಹೀಗೆ ಮಾಡುತ್ತೇವೆ, ಇದಕ್ಕೆ ಆರು ವಾರ ಬಿಂದಿಗೆ ಎತ್ತಬಾರದು, ಇದಕ್ಕೆ ತಾಸಿಗೊಮ್ಮೆ ನರ್ಸು ಮುಟ್ಟಿ ಬಿಸಿ ನೋಡುತ್ತಾರೆ. ಹತ್ತೊಂಬತ್ತನೆಯದಕ್ಕೆ ಪೆನ್ನು ತೆಗೆದು ತಾವೇ ಏನೋ ಬರೆದುಕೊಂಡರು. ನೆಗಡಿಯ ಪ್ರಶ್ನೆಗೆ ಮಾತ್ರ ಪೆನ್ನು ಕೆಳಗಿಟ್ಟರು. "ಮಾಸ್ಕ್ ಇರತೈತ್ರಿ ಟೀಚರ್ರ" ಎಂದರು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನನ್ನನ್ನು ಬಹುಮಾನ ಗೆದ್ದ ಶಾಲೆಯ ಹುಡುಗಿಯಂತೆ ನೋಡುತ್ತಿದ್ದರು.

ಆಪರೇಷನ್ನಿನ ದಿನ ಮುಂಜಾನೆಯಿಂದ ಇಳಿಹೊತ್ತಿನತನಕ ನಾನೂ ಯಜಮಾನರೂ ಬೆಂಚಿನ ಮೇಲೆ ಕುಳಿತಿದ್ದೆವು. ನಾನು ಪಟ್ಟಿ ತೆಗೆದು ಒಂದೊಂದೇ ಹೇಳುತ್ತಿದ್ದೆ. ಅವರು ಮಿಲ್ಲಿನ ಚೀಲ ಎಣಿಸಿದಂತೆ ತಲೆ ಆಡಿಸುತ್ತಿದ್ದರು. ಮೂರನೆಯ ದಿನ ಡಾಕ್ಟರು ಗಾಯದ ಪಟ್ಟಿ ಬಿಚ್ಚಿದಾಗ ಅಕ್ಕ ಕನ್ನಡಿ ಬೇಡಿದರು. ಎದೆಯ ಮೇಲಿನ ಹೊಲಿಗೆ, ಹೊಟ್ಟೆಯ ಉದ್ದ ಹೊಲಿಗೆ, ಎರಡನ್ನೂ ಈ ತುದಿಯಿಂದ ಆ ತುದಿಯತನಕ ಕಣ್ಣಲ್ಲೇ ಅಳೆದರು. ಡಾಕ್ಟರು ಉಸಿರು ಹಿಡಿದು ನಿಂತಿದ್ದರು, ನನ್ನಷ್ಟೇ.

"ಹೊಲಿಗಿ ಟಾಕಿ ಸಮ ಬಿದ್ದಾವ" ಎಂದರು ಅಕ್ಕ. "ಈ ನೌಕರಿ ಬ್ಯಾಡನಿಸಿದ ದಿನ ಬರ್ರಿ, ನಮ್ಮ ಅಂಗಡ್ಯಾಗ ಕೆಲಸಾ ಕೊಡ್ತೀನಿ."

ಆ ಡಾಕ್ಟರು ಎಷ್ಟೋ ಪದವಿ ಪಡೆದಿರಬೇಕು. ಆವತ್ತಿನಷ್ಟು ಮುಖ ಅರಳಿಸಿರಲಾರರು.

ಮೂರು ತಿಂಗಳಿಗೆ ಅಕ್ಕ ಮಷಿನ್ನಿಗೆ ಕುಳಿತರು. ಅಷ್ಟರಲ್ಲಿ ಚುಕ್ಕಿ ಹಾಕಿದ ಅರಿವೆಗಳು ಒಂದು ಗಂಟೇ ಸೇರಿದ್ದವು. ಮೊದಲ ವಾರ ಅವನ್ನೇ ಹೊಲಿದರು. ತಮಗೆ ಜೇಬು ಬೇಡವಾಯಿತೆಂದು ಬೇರೆಯವರ ಜೇಬು ನಿಲ್ಲಿಸಿದವರಲ್ಲ. ಆ ಗಂಟಿನ ಬೆನ್ನಿಗೇ ನನ್ನದು, ಸಾಲಿ, ಹಸರು.

ಹೊಸ ಕುಪ್ಪಸ ಶಾಲೆಯ ಕಾರ್ಯಕ್ರಮದ ದಿನ ಹಾಕಿಕೊಂಡೆ. ಒಳಗೆ ಕೈ ಹೋಯಿತು. ಎಡಗಡೆ ಒಂದು ಜೇಬು. ಎರಡು ಪದರ ಅಸ್ತರಿ, ಸಣ್ಣ ಟಾಕಿ, ಅಚ್ಚುಕಟ್ಟು.

ನಾನು ಹಾಗೇ ಮಂಚದ ಮೇಲೆ ಕುಳಿತೆ. ಅಕ್ಕ ನೋಡಿದರೆ ಅಳತೆ ತಿಳಿಯುತ್ತದೆ. ನನಗೆ ತಿಳಿಯದ್ದು ಏನೋ ತಿಳಿದಿದೆ. ಬಾಯಿಬಿಟ್ಟು ಹೇಳಲಾರದೆ ಹೊಲಿದು ತಿಳಿಸಿದ್ದಾರೆ! ಕಾರ್ಯಕ್ರಮದಲ್ಲಿ ಯಾರು ಏನು ಭಾಷಣ ಮಾಡಿದರೋ ಕೇಳಲಿಲ್ಲ. ಮಾರನೆಯ ದಿನ ರಜೆ ಹಾಕಿ ಕೊಪ್ಪಳಕ್ಕೆ ಹೋಗಿ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ. ಆ ರಿಪೋರ್ಟನ್ನೂ ಕುಪ್ಪಸವನ್ನೂ ಹಿಡಿದು ಬಸ್‌ಸ್ಟ್ಯಾಂಡಿನಿಂದ ಸೀದಾ ಅಂಗಡಿಗೆ ಹೋದೆ.

ಅಕ್ಕ ಕುಪ್ಪಸ ತಿರುವಿ ನೋಡಿದರು. ಕನ್ನಡಕ ಹಾಕಿ ಮತ್ತೆ ನೋಡಿದರು. ರಿಪೋರ್ಟು ನೋಡಿದರು. ಆಮೇಲೆ ಹೊಟ್ಟೆಯ ಹೊಲಿಗೆಯನ್ನು ಎರಡೂ ಕೈಯಿಂದ ಒತ್ತಿಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವತನಕ.

"ಅಯ್ಯ ಶಿವನ! ಜೇಬಿನವು ಏಳ ಹೊಲದಿದ್ದೆ, ಕೈ ಎಂಟನೇದಕ್ಕೂ ತಾನ ಹಾಕೈತಿ. ಇಷ್ಟ ವರ್ಷದಾಗ ಮೊದಲನೇ ತಪ್ಪು, ಅದೂ ಯಾರ ಕುಬಸದಾಗ ನೋಡು, ಅಂಜುಬುರುಕಿ ಕುಬಸದಾಗ! ತಾ ಇಲ್ಲೆ, ಉಚ್ಚತೀನಿ."

"ಬ್ಯಾಡ್ರಿ, ಇರ್ಲಿ" ಎಂದೆ. ಬ್ಲೇಡು ಹಿಡಿದ ಕೈ ನಿಂತಿತು. "ಉಸರ ಬಿಟ್ಟಿ ಈಗ" ಎಂದರು ಅಕ್ಕ.

ಅಂಗಡಿ ಮುಚ್ಚಿದ ದಿನ ಅದೇ ಕುಪ್ಪಸ ಹಾಕಿಕೊಂಡು ಹೋದೆ. ಬಣ್ಣ ಮಾಸಿದೆ. ಎರಡು ಸಲ ಉಚ್ಚಿಸಿ ಸಡಿಲು ಮಾಡಿಸಿಕೊಂಡಿದ್ದೇನೆ, ಒಳಗೆ ಬಿಟ್ಟ ಎರಡು ಬೆರಳೂ ಮುಗಿದಿವೆ. ಬೀಗ ಹಾಕಿ ಅಕ್ಕ ಕೀಲಿಯನ್ನು ಯಜಮಾನರಿಗೆ ಕೊಟ್ಟು, ಎಡಗೈಯನ್ನು ತಲೆಗಿಂತ ಮೇಲೆತ್ತಿ ಆಟೋ ಕರೆದರು. ಆ ಕೈ, ಆ ಎದೆ, ಆ ಹೊಟ್ಟೆ, ಎಲ್ಲವೂ ಅವರು ಬೇಡಿದ ಅಳತೆಗೇ ಕೂತಿದ್ದವು. ನಲವತ್ತೊಂದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ನನ್ನ ಹಸಿರು ಕುಪ್ಪಸಕ್ಕೆ ಎಡಗಡೆ ಒಂದು ಜೇಬು.